ಕಸದ ರೊಕ್ಕ ಯಾರು ಕೊಡತಾರ ಅಂತ ಕೇಳಾಕ ತೈವಾನಕ್ಕ ಹೋದದ್ದು

ತಿರುಗಿ ಬಂದ ಮ್ಯಾಲ ಊರಾಗ ಎಲ್ಲಾರೂ ಕೇಳಿದ್ದು ಒಂದ ಮಾತು. "ನೀಲವ್ವಾ, ಅಲ್ಲೆ ಏನೇನು ನೋಡಿದಿ?" ಸಮುದ್ರ ನೋಡಿದೆ ಅನ್ನಲಿ, ದೊಡ್ಡ ದೊಡ್ಡ ಕಟ್ಟಡ ನೋಡಿದೆ ಅನ್ನಲಿ ಅಂತ ಅವರ ಆಸೆ. ನಾ ಕಸ ನೋಡಾಕ ಹೋಗಿದ್ದೆ. ಕಸಾನ ನೋಡಿ ಬಂದೆ. ಸಮುದ್ರ ವಿಮಾನದ ಕಿಡಕಿಯೊಳಗ ಕಂಡಿತು, ನೀರು ಭಾಳ ಐತಿ, ಅಷ್ಟ.

ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆ. ಸಂಘದಾಗ ಸಹಿ ಮಾಡಿ ಮಾಡಿ ಕೈ ತಿರುಗೇತಿ. ಅಕ್ಷರ ಡೊಂಕ ಬಿದ್ದದ್ದನ್ನ ತಿದ್ದು ಅಂತ ನನ್ನ ಜೋಡಿ ತೈವಾನಕ್ಕ ಬಂದಿದ್ದ ಶೈಲಾಗ ಕೊಟ್ಟೀನಿ. ಮಾತು ತಿದ್ದಬ್ಯಾಡ ಅಂದೀನಿ.

ನಮ್ಮೂರು ಖಾನಾಪುರ ತಾಲೂಕಿನಾಗ, ಪಾರಿಶ್ವಾಡ ದಾಟಿ ಮುಂದ. ಪಂಚಾಯ್ತಿ ಒಂದು ಕಸದ ಗಾಡಿ ಕೊಟ್ಟೈತಿ. ನಡಸೂದು ನಮ್ಮ ಹೆಣ್ಣುಮಕ್ಕಳ ಸಂಘ. ಗಾಡಿ ಹೊಡಿಯಾಕಿ ನಮ್ಮ ಬಾಜು ಮನಿ ಸೊಸಿ ರೇಣುಕಾ. ಹಿಂದ ನಿಂತು ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಮಾಡಾಕಿ ನಾನು. ಗಾಡಿ ಒಮ್ಮೆ ಕನ್ನಡದಾಗ, ಒಮ್ಮೆ ಮರಾಠಿಯೊಳಗ ಕಸ ಕೊಡ್ರಿ ಅಂತ ಒದರತೈತಿ. ಎರಡೂ ಭಾಷಾದವರು ಕಸ ಕೊಡತಾರ. ತಿಂಗಳಿಗೆ ಮನಿಗಿಷ್ಟು ಅಂತ ಪಂಚಾಯ್ತಿ ಇಟ್ಟ ರೊಕ್ಕ ಕೇಳಿದ್ರ ಮಾತ್ರ ಯಾವ ಭಾಷಾದಾಗೂ ಉತ್ತರ ಬರೂದಿಲ್ಲ.

ಡೀಸೆಲ್ಲಿಗೆ ಗತಿ ಇಲ್ಲದ ಗಾಡಿ ಬೇವಿನ ಗಿಡದ ಕೆಳಗ ನಿಲ್ಲೂದ ಹೆಚ್ಚಾತು. ಪಂಚಾಯ್ತಿಯವರು ಖಡಾಖಂಡಿತ ಹೇಳಿದ್ರು: "ಮುಂದಿನ ಗ್ರಾಮಸಭಾದಾಗ ರೊಕ್ಕಕ್ಕ ದಾರಿ ಆಗಲಿಲ್ಲಂದ್ರ ಗಾಡಿ ಒಳಗ ಹಾಕಿ ಕೀಲಿ ಜಡೀತೀವ್ರಿ." ಕೀಲಿ ಬಿದ್ರ ರೇಣುಕಾ ಮತ್ತ ಕಬ್ಬು ಕಡಿಯೂ ಗ್ಯಾಂಗಿಗೆ ಹೋಗಬೇಕು. ನಮ್ಮೂರಾಗ ಡ್ರೈವಿಂಗ್ ಲೈಸೆನ್ಸ್ ತಗೊಂಡ ಮೊದಲ ಸೊಸಿ ಆಕಿ. ಅತ್ತಿಮನಿಯವರ ಜೋಡಿ ಜಗಳಾಡಿ ತಗೊಂಡದ್ದು.

ರೊಕ್ಕ ಕೊಡಬ್ಯಾಡ್ರಿ ಅಂತ ಊರ ಮಂದೀಗೆ ಹೇಳಿಕೊಟ್ಟಾಂವ ಯಾರು? ನನ್ನ ಸ್ವಂತ ತಮ್ಮ, ಶಿವಪುತ್ರ. ಬಸ್‌ಸ್ಟ್ಯಾಂಡ್ ಬಾಜು ಕಿರಾಣಿ ಅಂಗಡಿ ಅವಂದು. "ನನ್ನ ಕಸಾ ಒಯ್ದು ಮಾರಿ ರೊಕ್ಕಾ ಮಾಡ್ಕೋತೀರಿ. ಮ್ಯಾಲ ನನಗ ರೊಕ್ಕಾ ಕೇಳತೀರಿ. ಇದು ಯಾವ ನ್ಯಾಯ ಅಕ್ಕಾ?" ಅಂತಾನ. ಕೇಳಿದವರು ಹೌದಂತ ತಲಿ ಆಡಸತಾರ.

ಬೆಳಗಾವಿ

ಹೆಣ್ಣುಮಕ್ಕಳ ಸಂಘಗಳಿಗೆ ತರಬೇತಿ ಕೊಡೂ ಒಂದು ಸಂಸ್ಥೆ ಐತಿ. ಬ್ಯಾರೆ ದೇಶದಾಗ ಹಳ್ಳಿ ಕಸ ಹೆಂಗ ಒಯ್ಯತಾರ ನೋಡಿ ಬರ್ರಿ ಅಂತ ಅವರು ನಮ್ಮ ಸಂಘದಿಂದ ಒಬ್ಬಾಕೀನ ಕೇಳಿದ್ರು. ಎಲ್ಲಾರಿಗೂ ಮನ್ಯಾಗ ಕೂಸು, ಎಮ್ಮಿ, ಗಂಡ. ನನಗ ಮೂರೂ ಇಲ್ಲ. ನನ್ನ ಹೆಸರು ಬಿತ್ತು.

ಕರಕೊಂಡು ಹೋಗಾಕಿ ಶೈಲಾ, ಆ ಸಂಸ್ಥೆಯಾಕಿ. ಆಕಿ ಮನಿ ಹಿಂದವಾಡಿಯೊಳಗ. ಹಿಂದಿನ ದಿನ ಅಲ್ಲೆ ಇಳಕೊಂಡಿದ್ದೆ. ನನ್ನ ಚೀಲ ಬಿಚ್ಚಿ ನೋಡಿ ಆಕಿ ಹಣಿ ಹಣಿ ಬಡಕೊಂಡಳು.

"ಆಯಿ, ಇದೇನ್ರಿ? ಇಷ್ಟು ರೊಟ್ಟಿ!"

"ಖಡಕ್ ರೊಟ್ಟಿ. ಕೆಡೂದಿಲ್ಲ."

"ಅಲ್ಲೆ ಊಟಾ ಕೊಡತಾರ್ರಿ."

"ಅವರು ಕೊಡೂದು ಅವರು ತಿನ್ನೂದು. ನಾ ತಿನ್ನೂದು ನಾ ಒಯ್ಯತೀನಿ."

ಶೇಂಗಾ ಹಿಂಡಿ, ಒಂದು ಡಬ್ಬಿ ಸಕ್ಕರಿ, ಚಹಾಪುಡಿ, ಉಳಕೊಳ್ಳೂ ಮನಿಯವರಿಗೆ ಅಂತ ಬೆಳಗಾವಿ ಕುಂದಾ. ಸೀರಿ ಎರಡೂ ವಡಗಾವಿ ಮಗ್ಗದವು, ಗಟ್ಟಿ. ಬೂಟು ಹಾಕ್ಕೊಳ್ರಿ ಅಂದಳು. ಒಲ್ಲೆ ಅಂದೆ. ಕಡೀಕ ಚಪ್ಪಲಿಯೊಳಗ ಕಾಲಚೀಲ ಹಾಕ್ಕೊಂಡೆ. ಜಗಳ ಅಲ್ಲಿಗೆ ಮುಗೀತು.

ವಿಮಾನ

ವಿಮಾನ ಹತ್ತೂಕಿಂತ ಮೊದಲ ಚೀಲ ತಪಾಸ ಮಾಡೂವಲ್ಲೆ ನನ್ನ ಅಡಕೊತ್ತು ಸಿಕ್ಕಿತು. ಕೈಚೀಲದಾಗ ಇಟ್ಟಿದ್ದೆ. ಆ ಪೊಲೀಸ್ ಹುಡುಗಿ ಅದನ್ನ ಎತ್ತಿ ಹಿಡಿದು ಕೇಳಿದಳು, "ಇದು ಏನು ಕಡಿಯೋಕೆ?"

"ಅಡಿಕಿ. ನಿನ್ನ ಕಡಿಯೂದಿಲ್ಲ."

ಆಕಿ ನಕ್ಕಳು, ಆದ್ರ ಅಡಕೊತ್ತು ಕೊಡಲಿಲ್ಲ. ಚೀಲದಾಗ ಅಡಿಕಿ ಉಳೀತು, ಕಡಿಯಾಕ ಏನೂ ಇಲ್ಲ. ನನ್ನ ಹಲ್ಲು ಎಂಥಾವು ಅಂತ ನನಗ ಗೊತ್ತೈತಿ. ತೈವಾನ ಮುಟ್ಟೂತನಕಾ ಸಿಟ್ಟಿನಾಗ ಇದ್ದೆ. ಮೋಡದ ಮ್ಯಾಲ ಹೋಗೂದು ಹೆಂಗಿತ್ತು ಅಂತ ಮಂದಿ ಕೇಳತಾರ. ನನಗ ಅಡಕೊತ್ತಿನ ನೆನಪ ಐತಿ.

ಲಿನ್ನವ್ವನ ಊರು

ದಕ್ಷಿಣದ ಕಡೆ ಒಂದು ಹಳ್ಳಿ. ಸುತ್ತಲೂ ಭತ್ತದ ಗದ್ದಿ. ಖಾನಾಪುರ ಬಿಟ್ಟು ಜಾಂಬೋಟಿ ಕಡೆ ಹೋದಂಗ ಅನಿಸಿತು, ಗುಡ್ಡ ಮಾತ್ರ ದೂರ. ಗದ್ದ್ಯಾಗ ಎತ್ತು ಇಲ್ಲ, ಮನಷ್ಯಾರೂ ಕಡಿಮಿ. ಕೊಕ್ಕರಿ ಅವ. ಕೊಕ್ಕರಿ ನಮ್ಮವು ಇದ್ದಂಗ.

ನಾವು ಉಳಕೊಂಡ ಮನಿ ಯಜಮಾನಿ ಹೆಸರು ಲಿನ್. ನನ್ನ ವಯಸ್ಸಿನಾಕಿ. ಬರೇ ಲಿನ್ ಅಂತ ಕರಿಯಾಕ ನನ್ನ ನಾಲಿಗಿ ಏಳಲಿಲ್ಲ. ಲಿನ್ನವ್ವಾ ಅಂದೆ. ಆಕಿ ಓ ಅಂದಳು. ಅಲ್ಲಿಗೆ ಅದ ಹೆಸರಾತು. ಆಕಿ ಮಾತನ್ನ ಅಲ್ಲಿನ ಸಾಲಿ ಮಾಸ್ತರೊಬ್ಬರು ಇಂಗ್ಲೀಷಿನಾಗ ಹೇಳತಿದ್ರು, ಅದನ್ನ ಶೈಲಾ ಕನ್ನಡದಾಗ ಹೇಳತಿದ್ದಳು. ನನ್ನ ಕಿವಿಗೆ ಮುಟ್ಟೂದರಾಗ ಮಾತು ಆರಿ ಹೋಗಿರತಿತ್ತು. ಮಾಸ್ತರು ಇಲ್ಲದಾಗ ನಾವಿಬ್ರೂ ನಮ್ಮ ನಮ್ಮ ಭಾಷಾದಾಗ ಮಾತಾಡಿ ಕೆಲಸಾ ತಗೋತಿದ್ವಿ. ಅದ ಚಲೋ ನಡೀತಿತ್ತು.

ಲಿನ್ನವ್ವ ಬುದ್ಧಗ ನಡಕೊಳ್ಳಾಕಿ, ಮಾಂಸ ತಿನ್ನೂದಿಲ್ಲ. ನಮ್ಮದೂ ಲಿಂಗ ಕಟ್ಟಿದ ಮನಿ. ಊಟದ ಚಿಂತಿ ಹೋತು. ನನ್ನ ಖಡಕ್ ರೊಟ್ಟಿ ಮುರದು ಬಾಯಾಗ ಹಾಕ್ಕೊಂಡು ಕಟಕಟ ಅಂತ ತಿಂದಳು. ಕುಂದಾ ಅವರ ಊಟದ ಎರಡು ಕಡ್ಡಿಲೆ ಹಿಡದು ತಿಂದಳು. ಆಕಿ ಕೊಟ್ಟ ಸೋಯಾ ಹಾಲು ನಾ ಕುಡದೆ. ಎಮ್ಮಿ ಹಾಲಿಗೆ ಸಮ ಇಲ್ಲ ಅಂತ ಹೇಳಿದೆ. ಶೈಲಾ ಅದನ್ನ ಮಾಸ್ತರಿಗೆ ಹೇಳಲಿಲ್ಲ.

ಆ ಊರ ಅಂಗಡ್ಯಾಗ ಹಸಿ ಅಡಿಕಿ ಮಾರತಾರ. ಸೀಳಿ ಸುಣ್ಣಾ ಹಚ್ಚೇ ಕೊಡತಾರ. ಕಂಡ ಕೂಡಲೇ ನನ್ನ ಸಿಟ್ಟು ಇಳೀತು. ಉಗುಳಾಕ ಒಂದು ಕಾಗದದ ಕಪ್ ಕೊಟ್ರು. ಬೀದಿಯೊಳಗ ಉಗುಳಿದ್ರ ದಂಡ ಅಂತ. ನಮ್ಮ ಬಸ್‌ಸ್ಟ್ಯಾಂಡಿನಾಗ ಈ ಕಾನೂನು ತಂದ್ರ ಸರ್ಕಾರಕ್ಕ ಬ್ಯಾರೆ ತೆರಿಗಿ ಬೇಕಾಗೂದಿಲ್ಲ.

ಹಿಡಿ ಸಕ್ಕರಿ

ಸಂಜೀಕ ಪೇಟಿ ಬಾರಿಸಿದಂಗ ಸಪ್ಪಳ ಕೇಳಿತು. ಯಾರದೋ ಮದವಿ ಮೆರವಣಿಗಿ ಅಂತ ಹೊರಗ ಬಂದೆ. ಕಸದ ಗಾಡಿ! ಓಣಿ ಮಂದಿ ಎಲ್ಲಾರೂ ಚೀಲ ಹಿಡಕೊಂಡು ನಿಂತಾರ. ಕಸ ನೆಲಕ್ಕ ಇಡಂಗಿಲ್ಲ, ಕೈಯಾಗಿಂದ ಕೈಗೆ ಕೊಡಬೇಕು. ಹಿಂದ ಇನ್ನೊಂದು ಗಾಡಿ, ಅದು ಬರೇ ಬಾಟ್ಲಿ, ಡಬ್ಬಿ, ರಟ್ಟಿಂದು. ಅದರ ಮ್ಯಾಲ ನಿಂತಾಕಿ ಒಬ್ಬಾಕಿ ಹೆಣ್ಣುಮಗಳು. ತಲಿಮ್ಯಾಲ ಟೊಪಿಗಿ, ಮಾರಿಗೆ ಬಟ್ಟಿ, ಮೊಣಕೈಗೆ ಹೂವಿನ ಚಿತ್ರದ ತೋಳಚೀಲ. ಚೀಲ ಈಸ್ಕೊಳ್ಳೂ ರೀತಿ, ಒಂದ ಕೈಲೆ ಬಾಟ್ಲಿ ಬ್ಯಾರೆ ಒಗಿಯೂ ರೀತಿ, ನನ್ನ ನಾನ ನೋಡಿದಂಗ ಆತು.

ಮರದಿನ ಸಂಜೀಕ ಲಿನ್ನವ್ವ ನನ್ನ ಕೈಯಾಗ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಗಾಡಿಯಾಕೀನ ತೋರಿಸಿ, ಆಕಿಗೆ ಕೊಡು ಅಂತ ಕೈಸನ್ನಿ ಮಾಡಿದಳು. ಡಬ್ಬಿ ತೊಳದು, ಒರಿಸಿ, ಮುಚ್ಚಳ ಹಾಕೇತಿ. ಥಳಥಳ ಹೊಳೀತೈತಿ. ಇದು ಗಾಡಿಯಾಕಿ ಡಬ್ಬಿ, ಹೋಳಿಗಿನೋ ಏನೋ ಕಳಿಸಿದ್ದಳು, ಇವರು ತಿರುಗಿ ಕೊಡಾಕ ಹತ್ಯಾರ ಅಂತ ನಾ ತಿಳಕೊಂಡೆ. ಬ್ಯಾರೆಯವರ ಡಬ್ಬಿ ಯಾರರ ಖಾಲಿ ತಿರುಗಿ ಕೊಡತಾರೇನು? ಲಿನ್ನವ್ವಗ ಮರವು ಬಂದೈತಿ ಅಂತ ಒಳಗ ಹೋಗಿ ನನ್ನ ಸಕ್ಕರಿ ಡಬ್ಬ್ಯಾಗಿಂದ ಒಂದು ಹಿಡಿ ಹಾಕಿ ತಂದು ಗಾಡಿಯಾಕಿ ಕೈಯಾಗ ಇಟ್ಟೆ.

ಆಕಿ ರೂಢಿ ಪ್ರಕಾರ ಮುಚ್ಚಳ ತಗದು ಬುಡಮ್ಯಾಲ ಮಾಡಿದಳು. ಸಕ್ಕರಿ ಆಕಿ ಬೂಟಿನ ಮ್ಯಾಲ ಸುರೀತು.

ಗಾಡಿ ನಿಂತಿತು. ಆಕಿ ಏನೋ ಜೋರು ಮಾಡಿದಳು. ಸಾಮಾನು ಉಳಿಸಿ ಡಬ್ಬಿ ಕೊಡಂಗಿಲ್ಲ, ತೊಳದು ಖಾಲಿ ಮಾಡಿ ಕೊಡಬೇಕು ಅಂತ ಬೈದದ್ದಂತ. ನನ್ನ ಕೆಲಸಾ ನನಗ ಹೇಳಿದಂಗ ಆತಲ್ಲ, ನಾನೂ ಜೋರು ಮಾಡಿದೆ. ಶೈಲಾ ಓಡಿ ಬಂದಳು, ಮಾಸ್ತರು ಓಡಿ ಬಂದ್ರು. ಖಾಲಿ ಡಬ್ಬಿ ತಿರುಗಿ ಕೊಡಬಾರದು ಅನ್ನೂ ನಮ್ಮ ಪದ್ಧತಿ ಕನ್ನಡದಿಂದ ಇಂಗ್ಲೀಷಿಗೆ, ಇಂಗ್ಲೀಷಿನಿಂದ ಅವರ ಭಾಷಾಕ್ಕ ಹೋಗಿ ಮುಟ್ಟಿತು. ಗಾಡಿಯಾಕಿ ಡಬ್ಬಿ ತಳಕ್ಕ ಹತ್ತಿದ ಸಕ್ಕರಿ ಬೆರಳಿಲೆ ತಗದು ಬಾಯಾಗ ಇಟ್ಟಕೊಂಡು ನಕ್ಕಳು. ಓಣಿ ಎಲ್ಲಾ ನಕ್ಕಿತು. ಲಿನ್ನವ್ವಗ ಕುಂದರಾಕ ಕುರ್ಚಿ ತರಬೇಕಾತು, ಅಷ್ಟು ನಕ್ಕಳು.

"ಆಯಿ, ಅದು ಕಸದ ಡಬ್ಬಿರೀ," ಅಂದಳು ಶೈಲಾ.

"ಇಷ್ಟು ಸ್ವಚ್ಛ ಇದ್ರ ಕಸ ಅಂತ ಹೆಂಗ ಗುರ್ತು ಹಿಡಿಯೂದು? ನಮ್ಮೂರಾಗ ಊಟಾ ಮಾಡೂ ತಾಟ ಇಷ್ಟು ತೊಳಿಯೂದಿಲ್ಲ."

ಗಾಡಿಯಾಕಿ ಹೆಸರು ಮೇ. ಮುಂದಿನ ಸಂಜೀಕ ಗಾಡಿ ನಿಲ್ಲಿಸಿ, ಅದ ಡಬ್ಬಿ ನನ್ನ ಕೈಯಾಗ ಇಟ್ಟಳು. ಒಳಗ ಒಣಗಿಸಿದ ಹಣ್ಣು. ಪದ್ಧತಿ ಆಕಿಗೆ ತಿಳೀತು. ನಾ ಬಂದ ಕೆಲಸಾ ಕೇಳಾಕ ಆಕಿನ ತಕ್ಕಾಕಿ ಅಂತ ನನಗೂ ತಿಳೀತು.

ಶೆಡ್ಡು

ಮೇ ನಮ್ಮನ್ನ ಅವರ ಶೆಡ್ಡಿಗೆ ಕರಕೊಂಡು ಹೋದಳು. ಕುಂದರೂ ಸಣ್ಣ ಸಣ್ಣ ಮಣಿ ಮ್ಯಾಲ ಊರ ಮುದಕ್ಯಾರು ಕುಂತಾರ. ಬಾಟ್ಲಿ ಮುಚ್ಚಳ ಬ್ಯಾರೆ, ಬಾಟ್ಲಿ ಬ್ಯಾರೆ, ಹಾಲಿನ ರಟ್ಟಿನ ಡಬ್ಬಿ ಬ್ಯಾರೆ. ಕೈ ನಡೀತಾವು, ಬಾಯಿ ಅದಕ್ಕಿಂತ ಜೋರ ನಡೀತಾವು. ಸೊಸ್ತ್ಯಾರ ಸುದ್ದಿ ಅಂತ ಶೈಲಾ ಹೇಳಬೇಕಾಗಿರಲಿಲ್ಲ. ನಾನೂ ಒಂದು ಮಣಿ ಎಳಕೊಂಡು ಕುಂತೆ. ಕೈಗೆ ಕೆಲಸಾ ಇಲ್ಲದ ಕೇಳಿದ ಮಾತು ನನ್ನ ತಲ್ಯಾಗ ನಿಲ್ಲೂದಿಲ್ಲ.

"ಮೇ, ನಿನಗ ಪಗಾರ ಯಾರು ಕೊಡತಾರ?"

ಅವರ ಊರ ಕಚೇರಿಯವರು ಕೊಡತಾರಂತ. ಮ್ಯಾಲ ಬಾಟ್ಲಿ, ರಟ್ಟು ಮಾರಿ ಬಂದದ್ದರಾಗ ಒಂದು ಪಾಲು ಗಾಡಿ ಮ್ಯಾಲಿನ ಮಂದೀಗೆ. ಹಿಂಗಾಗಿ ಯಾರರ ಹೊಲಸ ಡಬ್ಬಿ ಕೊಟ್ರ ಆಕಿಗೆ ಸಿಟ್ಟು ಬರತೈತಿ, ಹೊಲಸಾದದ್ದಕ್ಕ ಬೆಲಿ ಇಲ್ಲ. ಸಕ್ಕರಿ ಸುರದಾಗ ಬೈದದ್ದು ಅದಕ್ಕ. ಆ ಮಾತು ನನಗ ಸೇರಿತು. ತನ್ನ ಪಾಲು ಇದ್ದಾಕಿ ಕಣ್ಣು ಬಿಟ್ಟು ಕೆಲಸಾ ಮಾಡತಾಳ.

"ಮತ್ತ ಯಾರೂ ಕೊಳ್ಳದ ಸಾಮಾನು? ಚಿಪ್ಸ್ ಪಾಕೀಟು, ಗುಟ್ಕಾ ಚೀಟಿ?"

ಅದಕ್ಕ ಕಚೇರಿಗೆ ಹೋಗಿ ಕೇಳು ಅಂದಳು.

ಹೇಳದ ಇರಬಾರದು, ಅಲ್ಲೆ ಎಲ್ಲಾ ಚಂದ ಅಂತಲ್ಲ. ಬಾಳಿಹಣ್ಣು ಒಂದೊಂದಕ್ಕ ಪ್ಲಾಸ್ಟಿಕ್ ಸುತ್ತಿ ಮಾರತಾರ. ದೇವರು ಸಿಪ್ಪಿ ಕೊಟ್ಟಾನ, ಮ್ಯಾಲ ಇವರದೊಂದು ಸಿಪ್ಪಿ. "ಇಷ್ಟು ಕಸ ಮಾಡಿ ಇಷ್ಟು ಚಂದ ಆರಿಸೂದಕ್ಕಿಂತ, ಮಾಡೂದ ಕಡಿಮಿ ಮಾಡ್ರಲ್ಲ," ಅಂದೆ. ಈ ಸಲ ಶೈಲಾ ಬಿಡದ ಹೇಳಿದಳು. ಲಿನ್ನವ್ವ ತಿರುಗಿ ಹೇಳಿದ್ದು: "ಈಕಿ ಬಂದ ಮ್ಯಾಲ ನಮ್ಮ ಮನಿ ಕಸ ಹೆಚ್ಚಾಗೇತಿ. ಉಗುಳೂ ಕಪ್ ಎಷ್ಟು ನೋಡ್ರಿ." ಮುದಕ್ಯಾರೆಲ್ಲಾ ನನ್ನ ಕಡೆ ತಿರುಗಿ ನಕ್ಕರು.

ಕಚೇರಿ

ಕಚೇರಿ ಸಾಹೇಬರು ಚಹಾ ಕೊಟ್ರು, ಹಾಲು ಸಕ್ಕರಿ ಎರಡೂ ಇಲ್ಲದ್ದು. ಬಿಸಿನೀರು ಅಂತ ತಿಳದು ಕುಡದೆ. ನಾ ಒಂದ ಪ್ರಶ್ನಿ ಒಯ್ದಿದ್ದೆ, ಅದನ್ನ ಇಟ್ಟೆ. ಕಸದ ರೊಕ್ಕ ಯಾರು ಕೊಡತಾರ?

ಮೊದಲ ದೊಡ್ಡ ಶಹರದ ಪದ್ಧತಿ ಹೇಳಿದ್ರು. ಅಲ್ಲೆ ಸರ್ಕಾರದ ಚೀಲ ರೊಕ್ಕ ಕೊಟ್ಟು ತಗೊಂಡು ಅದರಾಗ ಕಸ ಹಾಕಬೇಕು. ಹೆಚ್ಚು ಕಸ ಮಾಡಿದಾಂವಗ ಹೆಚ್ಚು ಚೀಲ. ಬಾಟ್ಲಿ ಡಬ್ಬಿ ತೊಳದು ಬ್ಯಾರೆ ಕೊಟ್ರ ಅದಕ್ಕ ರೊಕ್ಕ ಇಲ್ಲ. ಚಂದ ಐತಿ. ನಮ್ಮಲ್ಲೆ ತಂದ್ರ ಚೀಲದ ರೊಕ್ಕ ಉಳಿಸಾಕ ಎಲ್ಲಾರೂ ಮಲಪ್ರಭಾ ಹೊಳಿಗೆ ಸುರೂತಾರ. ನಮ್ಮ ಮಂದಿ ನನಗ ಗೊತ್ತು. ಬ್ಯಾಡ ಅಂದೆ.

ಈ ಹಳ್ಳಿ ಕಡೆ ಬ್ಯಾರೆ. ಇಲ್ಲೆ ನಳದ ನೀರಿನ ಬಿಲ್ಲಿನಾಗ ಕಸದ ರೊಕ್ಕಾನೂ ಕೂಡಿ ಬರತೈತಿ. ಹೆಚ್ಚು ನೀರು ಸುರದಾಂವ ಹೆಚ್ಚು ಕಟ್ಟತಾನ. ಮನಿಮನಿ ಬಾಗಲಾ ಬಡದು ಕೇಳೂ ಕೆಲಸಾನ ಇಲ್ಲ. ನಾ ಚಹಾ ಕೆಳಗ ಇಟ್ಟೆ.

"ಸ್ವಂತ ಬಾವಿ ಇದ್ದವರು? ಅವರು ನಳಾ ತಗೋಳ್ಳೂದಿಲ್ಲಲ್ಲ."

ಸಾಹೇಬರಿಗೆ ಪ್ರಶ್ನಿ ಮುಟ್ಟಿದ ಮ್ಯಾಲ ಅವರು ನಕ್ಕರು. ಇಲ್ಲೂ ಅಂಥಾವರು ಅದಾರಂತ. ಅವರಿಗೆ ಮನಿಗಿಷ್ಟು ಅಂತ ಬ್ಯಾರೆ ಹಚ್ಚತಾರ.

ಇನ್ನ ಬಾಟ್ಲಿ, ಡಬ್ಬಿ ಮಾತು. ಅದನ್ನ ಮಾಡೂ ಕಂಪನಿ, ಹೊರದೇಶದಿಂದ ತರಾಂವ, ಇವರು ಮೊದಲ ಸರ್ಕಾರದಾಗ ರೊಕ್ಕ ಇಡಬೇಕು. ಕಡೀಕ ಅದನ್ನ ಆರಿಸಿ ಕರಗಿಸೂ ಖರ್ಚಿಗೆ, ಊರ ಕಚೇರಿಗಳಿಗೆ ಆಸರಕ್ಕ ಆ ರೊಕ್ಕ ಬರತೈತಿ. ನಾ ಶೈಲಾಗ ಎರಡನೇ ಸಲ ಹೇಳಿಸಿ ಕೇಳಿದೆ. ತಿಳೀತು. ಕಸ ಆಗೂ ಸಾಮಾನನ್ನ ಮಾರಿ ಲಾಭ ಮಾಡಿದಾಂವ ಅದರ ತಿಥಿ ಖರ್ಚೂ ಕೊಡಬೇಕು.

ನನಗ ತಮ್ಮ ಶಿವಪುತ್ರನ ಅಂಗಡಿ ಕಣ್ಣಮುಂದ ಬಂತು. ಹಗ್ಗದ ಮ್ಯಾಲ ಜೋತಾಡೂ ಚಿಪ್ಸ್ ಪಾಕೀಟಿನ ಸರಾ.

ಹೊರಡೂ ದಿನ ಲಿನ್ನವ್ವ ನನ್ನ ಖಾಲಿ ಸಕ್ಕರಿ ಡಬ್ಬಿ ತುಂಬಾ ಅಕ್ಕಿ ಹಾಕಿ ಕೊಟ್ಟಳು. ಅತ್ತಿದ್ಲೇನು ಅಂತ ಊರಿಗೆ ಬಂದ ಮ್ಯಾಲ ರೇಣುಕಾ ಕೇಳಿದಳು. ಇಬ್ರೂ ಅಳಲಿಲ್ಲ. ಅಕ್ಕಿ ವಿಮಾನದ ಮೊದಲ ತಪಾಸದಾಗ ತಗೊಂಡ್ರು, ಡಬ್ಬಿ ಬಿಟ್ರು.

ಗ್ರಾಮಸಭಾ

ಗುಡಿ ಮುಂದಿನ ಕಟ್ಟಿ ಮ್ಯಾಲ ಅಧ್ಯಕ್ಷರು, ಕೆಳಗ ಊರು. ರೇಣುಕಾ ಗಾಡಿ ತಂದು ಬಾಜೂಕ ನಿಲ್ಲಿಸಿ, ಕೀಲಿ ಮುಷ್ಟಿಯೊಳಗ ಹಿಡಕೊಂಡು ಕುಂತಿದ್ದಳು. ನಾ ಎದ್ದು ನಿಂತು ನೋಡಿದ್ದು ಹೇಳಿದೆ. ಸಕ್ಕರಿ ಕಥೀನೂ ಹೇಳಿದೆ, ಇಲ್ಲಾಂದ್ರ ಬ್ಯಾರೆಯವರು ಹೇಳತಿದ್ರು. ಮಂದಿ ನಕ್ಕು ಮುಗಿಸಿದ ಮ್ಯಾಲ ಕೆಲಸದ ಮಾತು ಹಿಡದೆ. ಕಸದ ರೊಕ್ಕ ನಳದ ನೀರಪಟ್ಟಿಯೊಳಗ ಕೂಡಸ್ರಿ. ಬೋರ್ ಇದ್ದವರಿಗೆ ಬ್ಯಾರೆ ಹಚ್ಚರಿ. ಮಾರಿ ಬಂದದ್ದರಾಗ ಒಂದು ಪಾಲು ಗಾಡಿ ಮ್ಯಾಲಿನವರಿಗೆ ಕೊಡ್ರಿ. ಪಾಕೀಟಿನ ಸಾಮಾನು ಮಾರೂ ಅಂಗಡಿ ಮನಿಗಿಂತ ಹೆಚ್ಚು ಕೊಡಲಿ.

ಶಿವಪುತ್ರ ಎದ್ದ. "ಅಕ್ಕಾ, ಅಲ್ಲೆ ಕೊಡಾಂವ ಪಾಕೀಟು ಮಾಡೂ ಕಂಪನಿಯಾಂವ. ನಾ ಏನು ಪಾಕೀಟು ಮಾಡತೀನೇನು? ನಾ ಮಾರಾಂವ."

"ಮಾಡಾಂವ ನಮ್ಮ ಗ್ರಾಮಸಭಾಕ್ಕ ಬರೂದಿಲ್ಲೋ. ಬಂದಾಂವ ನೀನ."

"ನನ್ನ ಕಸಾ ಮಾರಿ ರೊಕ್ಕಾ ಮಾಡ್ಕೊಳ್ಳೂದಿಲ್ಲೇನು ನೀವು?"

ಅದಕ್ಕ ನಾ ಬಾಯಿ ತಗಿಯೂಕಿಂತ ಮೊದಲ ರೇಣುಕಾ ಎದ್ದಳು. ಆಕಿ ಸಭಾದಾಗ ಎಂದೂ ಮಾತಾಡಿದಾಕಿ ಅಲ್ಲ. "ಮಾಮಾ, ಬಾಟ್ಲಿ ಮಾರತೀವ್ರಿ. ರಟ್ಟು ಮಾರತೀವ್ರಿ. ನಿಮ್ಮ ಚಿಪ್ಸ್ ಪಾಕೀಟು, ಗುಟ್ಕಾ ಚೀಟಿ ಗುಜರಿಯಾಂವ ಮುಟ್ಟಂಗಿಲ್ರಿ. ನಮ್ಮ ಸಂಘದ ಶೆಡ್ ತುಂಬಾ ಅವ ಅದಾವು. ಬೇಕಂದ್ರ ಗಾಡಿ ಹೇರಿ ನಿಮ್ಮ ಅಂಗಡಿ ಮುಂದ ಇಳಸತೀನ್ರಿ, ನೀವ ಮಾರಿ ರೊಕ್ಕಾ ಇಟ್ಕೊಳ್ರಿ."

ಯಾರೋ ಹಿಂದಿನಿಂದ ಸೀಟಿ ಹೊಡದ್ರು. "ಅಕ್ಕಾ ತಮ್ಮ ಬಡದಾಡ್ರಿ, ನಾವು ಸುಮ್ಮನ ಕುಂದರತೀವಿ," ಅಂತ ಇನ್ನೊಬ್ಬ. ಶಿವಪುತ್ರನ ಮಾರಿ ಕೆಂಪಗಾತು. "ಒಡಹುಟ್ಟಿದಾಕಿ ಅಂತ ಸುಮ್ಮನ ಇದ್ದೀನಿ," ಅಂದ.

"ಒಡಹುಟ್ಟಿದಾಂವ ಅಂತ ನಾನೂ ಇಷ್ಟು ದಿನಾ ಸುಮ್ಮನ ಇದ್ದೆ."

ಅಧ್ಯಕ್ಷರು ಕೈ ಎತ್ತಸಿದ್ರು. ಕೈ ಎದ್ದವು, ಮೊದಲ ಹೆಣ್ಣುಮಕ್ಕಳವು, ಅವನ್ನ ನೋಡಿ ಉಳದವು. ನೀರಪಟ್ಟಿಗೆ ಕೂಡಸೂದು ಖಾತ್ರಿ ಆತು, ಅಂಗಡಿ ಪಾಲೂ ಆತು. ಗಾಡಿ ಪಾಲಿನ ಮಾತು ಅರ್ಧ ಆಗೇತಿ, ಅದನ್ನ ಮುಂದಿನ ಸಭಾದಾಗ ಹಿಡೀತೀನಿ. ರೇಣುಕಾ ಕೀಲಿ ಸೊಂಟಕ್ಕ ಸಿಗಿಸಿಕೊಂಡಳು. ಶಿವಪುತ್ರ ಸಭಾದ ಚಹಾ ಕುಡೀದ ಎದ್ದು ಹೋದ.

ಬಸ್‌ಸ್ಟ್ಯಾಂಡ್ ಬಾಜು

ಭಾಳ ದಿನಾ ಶಿವಪುತ್ರ ನನ್ನ ಜೋಡಿ ಮಾತು ಬಿಟ್ಟ. ಗಾಡಿ ಬಂದ್ರ ಕಸದ ಚೀಲ ಕಟ್ಟಿ ಮ್ಯಾಲ ಇಟ್ಟು ಒಳಗ ಹೋಗತಿದ್ದ. ನಾನೂ ಕರಿಯಾಕ ಹೋಗಲಿಲ್ಲ. ಚೀಲದಾಗ ಹಸಿ ಒಣ ಕೂಡಿ ಇದ್ರ ತಿರುಗಿ ಅಲ್ಲೇ ಇಡತಿದ್ದೆ. ಎರಡು ಸಲ ಇಟ್ಟೆ. ಮೂರನೇ ಸಲ ಬ್ಯಾರೆ ಬ್ಯಾರೆ ಬಂತು.

ಮನ್ನೆ ಸೋಮವಾರ ಅವ ಹೊರಗ ನಿಂತಿದ್ದ. ಕೈಯಾಗ ಒಂದು ಪ್ಲಾಸ್ಟಿಕ್ ಬರಣಿ, ಪೆಪ್ಪರ್‌ಮಿಂಟ್ ಖಾಲಿ ಆದದ್ದು. ತೊಳದು, ಒರಿಸಿ, ಮುಚ್ಚಳ ಹಾಕಿದ್ದ. ನನ್ನ ಮಾರಿ ನೋಡದ ನನ್ನ ಕೈಯಾಗ ಕೊಟ್ಟ. ರೂಢಿ ಪ್ರಕಾರ ಮುಚ್ಚಳ ತಗದು ಬುಡಮ್ಯಾಲ ಮಾಡಾಕ ಹೋದೆ.

"ಏ ಅಕ್ಕಾ, ತಡಿ ತಡಿ! ನೋಡಿ ಸುರೂ!" ಅಂತ ಒದರಿದ.

ತಳದಾಗ ಒಂದು ಹಿಡಿ ಸಕ್ಕರಿ ಇತ್ತು. ಗಾಡಿ ಮುಂದಿನಿಂದ ರೇಣುಕಾ ಕಿಸಕ್ಕಂತ ನಕ್ಕಳು.

"ಈ ತಿಂಗಳಿಂದು ಅಂಗಡಿ ಪಾಲು..." ಅಂತ ಅವ ಸಣ್ಣ ದನಿಯೊಳಗ ಶುರು ಮಾಡಿದ.

ಸಕ್ಕರಿ ಸೆರಗಿನಾಗ ಸುರಕೊಂಡು ಗಂಟು ಹಾಕ್ಕೊಂಡೆ. ಬರಣಿ ಒಣ ಕಸದಾಗ ಒಗದೆ.

"ಪಂಚಾಯ್ತಿಯೊಳಗ ಕಟ್ಟು," ಅಂದೆ. ರೇಣುಕಾ ಗೇರ್ ಹಾಕಿದಳು.